ಹಲವರ ಕಟ್ಟಡ, ಒಂದೇ ಮೆಟ್ಟಿಲು: ಫೈರ್ ಡ್ರಿಲ್‌ಗಳ ಒಂದು ಸಮೀಕ್ಷೆ

ಅಪಾರ್ಟ್‌ಮೆಂಟು, ವಾಣಿಜ್ಯ ಸಂಕೀರ್ಣ, ಪಿಜಿ, ಮಹಡಿಗೊಂದು ಕಂಪನಿ ನೆಲೆಸಿರುವ ಕಚೇರಿ ಕಟ್ಟಡ, ಇವುಗಳಲ್ಲೆಲ್ಲ ಬೆಂಕಿಯಿಂದ ಪಾರಾಗುವ ದಾರಿ ಯಾರೊಬ್ಬರ ಸ್ವತ್ತೂ ಅಲ್ಲ. ಮುಂಬಾಗಿಲಿನವರೆಗೆ ಮನೆಯವರ ಹೊಣೆ, ಗಾಜಿನ ಬಾಗಿಲಿನವರೆಗೆ ಕಂಪನಿಯ ಹೊಣೆ ಎಂಬುದು ಸ್ಪಷ್ಟವಾಗಿದ್ದರೂ, ಅದರಾಚೆಗಿನ ಕಾರಿಡಾರ್, ಮೆಟ್ಟಿಲು, ತಾರಸಿಯ ಬಾಗಿಲು, ಮಹಡಿಯಿಂದ ಮಹಡಿಗೆ ಕೇಬಲ್ ಸಾಗಿಸುವ ಡಕ್ಟ್ ಇವು ಅಸೋಸಿಯೇಷನ್ನಿನವೋ, ಬಿಲ್ಡರನವೋ, ನಿರ್ವಹಣೆಯ ಗುತ್ತಿಗೆದಾರನವೋ ಎಂಬ ಪ್ರಶ್ನೆ ತಿಂಗಳ ಶುಲ್ಕದ ತಕರಾರಿನ ಹೊತ್ತಿನಲ್ಲಿ ಬಿಟ್ಟರೆ ಬೇರೆ ಯಾವಾಗಲೂ ಏಳುವುದಿಲ್ಲ. ಫೈರ್ ಡ್ರಿಲ್, ಅಂದರೆ ಬೆಂಕಿ ಬಿದ್ದಿದೆಯೆಂದು ಭಾವಿಸಿಕೊಂಡು ಎಚ್ಚರಿಕೆಯ ಗಂಟೆಯಿಂದ ಹಿಡಿದು ಹೊರಗೆ ನಿಂತವರ ತಲೆಯೆಣಿಕೆಯವರೆಗಿನ ಹಂತಗಳನ್ನೆಲ್ಲ ನಡೆಸಿ ನೋಡುವ ಅಣಕು ಕಾರ್ಯಾಚರಣೆ, ಈ ಯಾರದ್ದೂ ಅಲ್ಲದ ಭಾಗವನ್ನು ಎಲ್ಲರೂ ಒಟ್ಟಿಗೆ ಬಳಸಿ ನೋಡುವ ಏಕೈಕ ಸಂದರ್ಭ. ಆದ್ದರಿಂದ ಅದನ್ನು ನಿವಾಸಿಗಳಿಗೆ ಕೊಡುವ ತರಬೇತಿಯೆಂದು ಕಾಣುವುದಕ್ಕಿಂತ ಕಟ್ಟಡಕ್ಕೇ ಒಡ್ಡುವ ಪರೀಕ್ಷೆಯೆಂದು ಕಾಣುವುದು ಹೆಚ್ಚು ಸರಿ. ಒಂದು ದೋಷವೂ ಹೊರಬೀಳದೆ ಮುಗಿದ ಡ್ರಿಲ್ಲನ್ನು ಯಶಸ್ವಿ ಎನ್ನುವ ಮೊದಲು ಅದು ನಿಜಕ್ಕೂ ನಡೆಯಿತೇ ಎಂದು ಕೇಳಬೇಕಾಗುತ್ತದೆ.

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ಅವಘಡ ಇಂಥ ಕಟ್ಟಡಗಳ ಸ್ವಭಾವವನ್ನು ಬಯಲು ಮಾಡಿತು. ಹಲವು ಕಚೇರಿಗಳಿದ್ದ ಆ ಕಟ್ಟಡದಲ್ಲಿ ವಿದ್ಯುತ್ ಡಕ್ಟಿನಿಂದ ಎದ್ದ ದಟ್ಟ ಹೊಗೆ ಮೇಲಿನ ಮಹಡಿಗಳನ್ನು ತುಂಬಿಕೊಂಡಿತು. ದಾರಿಗಾಣದವರು ಕಿಟಕಿಯ ಗಾಜು ಒಡೆದರು, ಕೆಲವರು ಕೆಳಕ್ಕೆ ಹಾರಿದರು, 9 ಮಂದಿ ಪ್ರಾಣ ಕಳೆದುಕೊಂಡರು. ಸರಿಯಾಗಿ ಒಂದು ತಿಂಗಳ ಬಳಿಕ, ಮಾರ್ಚ್ 23ರಂದು, ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಸ್ಟೀಫನ್ ಕೋರ್ಟ್ ಎಂಬ ಹಳೆಯ ಕಟ್ಟಡ ಹೊತ್ತಿಕೊಂಡು 43 ಜನ ಸತ್ತರು. ಮೇಲಕ್ಕೆ ಓಡಿದವರಿಗೆ ಎದುರಾದದ್ದು ಬೀಗ ಹಾಕಿದ ತಾರಸಿಯ ಬಾಗಿಲು. ಮರುವರ್ಷದ ಡಿಸೆಂಬರ್ 9ರಂದು ಅದೇ ನಗರದ ಆಮ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹುಟ್ಟಿದ ಬೆಂಕಿಯ ಹೊಗೆಗೆ ತೊಂಬತ್ತರಷ್ಟು ಜನ, ಬಹುಪಾಲು ಹಾಸಿಗೆ ಬಿಟ್ಟೇಳಲಾರದ ರೋಗಿಗಳು, ಬಲಿಯಾದರು. ಈ ಪ್ರಕರಣಗಳಲ್ಲಿ ಜ್ವಾಲೆಗಿಂತ ಹೊಗೆಯೇ ಹೆಚ್ಚು ಕೊಂದಿತು, ಮತ್ತು ಆ ಹೊಗೆ ಪಯಣಿಸಿದ್ದು ಕಟ್ಟಡದ ಹಂಚಿಕೆಯ ಭಾಗಗಳ ಮೂಲಕವೇ. ಬಿಸಿ ಅನಿಲ ಮೇಲಕ್ಕೇರುವುದರಿಂದ ಡಕ್ಟ್, ಲಿಫ್ಟಿನ ಕಂಡಿ, ಮೆಟ್ಟಿಲಿನ ಗೂಡು ಎಲ್ಲವೂ ಚಿಮಣಿಗಳಾಗುತ್ತವೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ಅನಿಲ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿ, ಓಡುವ ಶಕ್ತಿಗಿಂತ ಮೊದಲು ಯೋಚಿಸುವ ಶಕ್ತಿಯನ್ನೇ ಕಸಿಯುತ್ತದೆ. ಕಾರ್ಲ್‌ಟನ್ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವರು ಕಟ್ಟಿದ 'ಬಿಯಾಂಡ್ ಕಾರ್ಲ್‌ಟನ್' ಸಂಘಟನೆ ಅಂದಿನಿಂದ ಅಗ್ನಿ ಸುರಕ್ಷತೆಯ ವಿಷಯವನ್ನು ಸಾರ್ವಜನಿಕ ಚರ್ಚೆಯಲ್ಲಿ ಜೀವಂತವಾಗಿಟ್ಟಿದೆ.

ಡ್ರಿಲ್ಲಿನ ಕಲ್ಪನೆ ಕಾಯಿದೆಯ ರೂಪ ಪಡೆದದ್ದು ವಸತಿ ಕಟ್ಟಡಗಳಿಗಿಂತ ಮೊದಲು ಕಾರ್ಖಾನೆಗಳಲ್ಲಿ. ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಎಂಬ ಉಡುಪು ಕಾರ್ಖಾನೆ ಒಂದು ಬಹುಮಹಡಿ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿತ್ತು; 1911ರ ಮಾರ್ಚ್ 25ರಂದು ಅಲ್ಲಿ ಬೆಂಕಿ ಬಿದ್ದಾಗ ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗವಿದ್ದುದರಿಂದ 146 ಕೆಲಸಗಾರರು, ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನ ಹೆಣ್ಣುಮಕ್ಕಳು, ಸತ್ತರು. ಅದರ ಬೆನ್ನಿಗೇ ಆ ರಾಜ್ಯ ಕಾರ್ಖಾನೆಗಳಲ್ಲಿ ಡ್ರಿಲ್ಲನ್ನು ಕಡ್ಡಾಯಗೊಳಿಸಿತು. ಭಾರತದ 1948ರ ಕಾರ್ಖಾನೆಗಳ ಕಾಯಿದೆಯ 38ನೆಯ ಕಲಮು ಕೂಡ ಪಾರಾಗುವ ದಾರಿಗಳು ಕೆಲಸಗಾರರಿಗೆ ಪರಿಚಿತವಾಗಿರಬೇಕು, ಆ ಹೊತ್ತಿನ ಕ್ರಮದಲ್ಲಿ ಅವರಿಗೆ ತಕ್ಕ ತರಬೇತಿ ಸಿಕ್ಕಿರಬೇಕು ಎಂದು ವಿಧಿಸಿತು. ಆದರೆ ಕಾರ್ಖಾನೆಗೆ ಒಬ್ಬ ಯಜಮಾನನಿರುತ್ತಾನೆ, ಅವನ ಆಜ್ಞೆಗೆ ಯಂತ್ರಗಳು ನಿಲ್ಲುತ್ತವೆ. ಆ ಅಧಿಕಾರ ತಿರುಗಿ ಹೊಡೆಯುವುದೂ ಉಂಟು: ಬಾಂಗ್ಲಾದೇಶದ ತಾಜ್ರೀನ್ ಉಡುಪು ಕಾರ್ಖಾನೆಯಲ್ಲಿ 2012ರ ನವೆಂಬರಿನಲ್ಲಿ ಅಲಾರಂ ಮೊಳಗಿದ ಮೇಲೂ ಮೇಲ್ವಿಚಾರಕರು ಕೆಲಸ ಮುಂದುವರಿಸುವಂತೆ ಹೇಳಿದರೆಂದು ಬದುಕುಳಿದವರು ತಿಳಿಸಿದರು, ನೂರಕ್ಕೂ ಹೆಚ್ಚು ಜನ ಸತ್ತರು. ಹಂಚಿಕೆಯ ಕಟ್ಟಡದ ತೊಡಕು ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ತಡೆಯುವವರೂ ಇಲ್ಲ, ಹೊರಡಿಸುವವರೂ ಇಲ್ಲ.

ಭಾರತದಲ್ಲಿ ಈ ಕೊರತೆ ತುಂಬಲು ಹೊರಟದ್ದು ರಾಷ್ಟ್ರೀಯ ಕಟ್ಟಡ ಸಂಹಿತೆ. ಭಾರತೀಯ ಮಾನಕ ಬ್ಯೂರೋ ಹೊರತರುವ ಈ ಸಂಹಿತೆಯ ನಾಲ್ಕನೆಯ ಭಾಗ ಅಗ್ನಿ ಮತ್ತು ಜೀವರಕ್ಷಣೆಗೆ ಮೀಸಲು. 15 ಮೀಟರ್ ಮೀರಿದ ಕಟ್ಟಡಗಳ ಡ್ರಿಲ್ ಕುರಿತು ಅದರ 2005ರ ಆವೃತ್ತಿಯಲ್ಲಿರುವ ಅನುಬಂಧ ಸಾಕಷ್ಟು ವಿವರವಾಗಿದೆ: ಹೊಸ ಕಟ್ಟಡದಲ್ಲಿ ವಾಸಯೋಗ್ಯತಾ ಪ್ರಮಾಣಪತ್ರ ಸಿಕ್ಕ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಡ್ರಿಲ್ ನಡೆಯಬೇಕು, ಮಹಡಿಮಹಡಿಗೆ ಫೈರ್ ವಾರ್ಡನ್, ಅಂದರೆ ತನ್ನ ಮಹಡಿಯವರನ್ನು ಹೊರಡಿಸುವ ಹೊಣೆ ಹೊತ್ತವರು, ಮತ್ತು ಅವರಿಲ್ಲದಾಗ ನಿಲ್ಲುವ ಸಹಾಯಕರು ಇರಬೇಕು, ಪ್ರತಿ ಡ್ರಿಲ್ಲಿನ ಲಿಖಿತ ದಾಖಲೆ ಮೂರು ವರ್ಷ ಕಟ್ಟಡದಲ್ಲೇ ಇರಬೇಕು. ಇಷ್ಟೆಲ್ಲ ಹೇಳಿದ ಅನುಬಂಧ ಮಧ್ಯದಲ್ಲೊಂದು ವಿನಾಯಿತಿಯನ್ನು ನುಸುಳಿಸಿದೆ. ನಿವಾಸಿಗಳೆಲ್ಲರೂ ಡ್ರಿಲ್ಲಿನಲ್ಲಿ ಭಾಗವಹಿಸಬೇಕು, ಆದರೆ ಕಟ್ಟಡದ ಸಿಬ್ಬಂದಿಯನ್ನು ಬಿಟ್ಟು ಉಳಿದವರು ಮಹಡಿಯನ್ನು ತೊರೆಯಬೇಕಾಗಿಲ್ಲ, ನಿರ್ಗಮನ ದಾರಿಗಳನ್ನು ಬಳಸಬೇಕಾಗಿಲ್ಲ. ಮೆಟ್ಟಿಲಿನ ಬಾಗಿಲವರೆಗೆ ಬಂದು, ಸೂಚನೆ ಕೇಳಿಸಿಕೊಂಡು, ಮರಳಿ ಮನೆಯೊಳಗೆ ಹೋದರೆ ಡ್ರಿಲ್ ಆದಂತೆಯೇ.

ಈ ವಿನಾಯಿತಿಯ ಬೆಲೆ ಎಷ್ಟೆಂಬುದಕ್ಕೆ ಪುರಾವೆ ನ್ಯೂಯಾರ್ಕಿನಲ್ಲಿದೆ. 1993ರ ಬಾಂಬ್ ಸ್ಫೋಟದಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿನ ಗೋಪುರಗಳನ್ನು ಖಾಲಿ ಮಾಡಲು ಗಂಟೆಗಟ್ಟಲೆ ಹಿಡಿದದ್ದರಿಂದ ಅಲ್ಲಿ ಡ್ರಿಲ್‌ಗಳನ್ನು ಬಿಗಿಗೊಳಿಸಲಾಯಿತು, ಆದರೆ ಅಲ್ಲಿಯೂ ಜನರನ್ನು ಮೆಟ್ಟಿಲಿಳಿಸುವ ಪದ್ಧತಿ ಇರಲಿಲ್ಲ. 2001ರ ದಾಳಿಯನ್ನು ಕುರಿತು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ನಡೆಸಿದ ತನಿಖೆಯ ಪ್ರಕಾರ, ಬದುಕುಳಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹಿಂದಿನ ಒಂದು ವರ್ಷದಲ್ಲಿ ಕನಿಷ್ಠ ಒಂದು ಡ್ರಿಲ್ಲಿನಲ್ಲಿ ಭಾಗವಹಿಸಿದ್ದರು; ಹಾಗಿದ್ದೂ ಅರ್ಧಕ್ಕಿಂತ ತುಸು ಹೆಚ್ಚಿನವರು ಆ ದಿನದವರೆಗೆ ಕಟ್ಟಡದ ಮೆಟ್ಟಿಲಿಗೆ ಕಾಲಿಟ್ಟಿರಲಿಲ್ಲ. ಇದಕ್ಕೆ ಅಪವಾದವಾಗಿ ನಿಂತದ್ದು ದಕ್ಷಿಣ ಗೋಪುರದ ಮಾರ್ಗನ್ ಸ್ಟ್ಯಾನ್ಲಿ ಕಂಪನಿ. ಅದರ ಭದ್ರತಾ ಮುಖ್ಯಸ್ಥ ರಿಕ್ ರೆಸ್ಕೋರ್ಲಾ ಮೇಲಧಿಕಾರಿಗಳ ಗೊಣಗಾಟಕ್ಕೆ ಕಿವಿಗೊಡದೆ ವರ್ಷವರ್ಷವೂ ಸಿಬ್ಬಂದಿಯನ್ನು ಮೆಟ್ಟಿಲಿಳಿಸಿ ಅಭ್ಯಾಸ ಮಾಡಿಸಿದ್ದರು. ಸುಮಾರು 2,700 ಉದ್ಯೋಗಿಗಳಲ್ಲಿ ಬಹುತೇಕ ಎಲ್ಲರೂ ಹೊರಬಂದರು, ಉಳಿದವರನ್ನು ಹುಡುಕಿಕೊಂಡು ಮತ್ತೆ ಮೇಲೆ ಹೋದ ಅವರು ಮಾತ್ರ ಹಿಂದಿರುಗಲಿಲ್ಲ.

ಮೆಟ್ಟಿಲನ್ನು ಒಮ್ಮೆ ಇಳಿದು ನೋಡುವುದಕ್ಕೆ ಇಷ್ಟೊಂದು ಮಹತ್ವ ಏಕೆಂಬುದನ್ನು ಮನಶ್ಶಾಸ್ತ್ರ ವಿವರಿಸುತ್ತದೆ. ಬೆಂಕಿಯೆಂದೊಡನೆ ಜನ ಗಾಬರಿಬಿದ್ದು ನುಗ್ಗಾಡುತ್ತಾರೆ ಎಂಬ ನಂಬಿಕೆ ಬಲವಾಗಿದ್ದರೂ ಸಂಶೋಧಕರಿಗೆ ಹೆಚ್ಚಾಗಿ ಕಂಡದ್ದು ಅದರ ವಿರುದ್ಧ, ಅಂದರೆ ವಿಪರೀತ ನಿಧಾನ. ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರಶ್ನಾವಳಿ ತುಂಬುತ್ತ ಕುಳಿತವರ ಕೋಣೆಗೆ ಗೋಡೆಯ ಸಂದಿನಿಂದ ಹೊಗೆ ಬಿಡಲಾಯಿತು. ಒಬ್ಬರೇ ಇದ್ದಾಗ ನೂರಕ್ಕೆ 75 ಮಂದಿ ಎದ್ದುಹೋಗಿ ತಿಳಿಸಿದರೆ, ಏನೂ ಆಗಿಲ್ಲವೆಂಬಂತೆ ನಟಿಸುವ ಇಬ್ಬರ ಜೊತೆ ಕೂತಾಗ ತಿಳಿಸಿದವರು ನೂರಕ್ಕೆ 10 ಮಾತ್ರ. ಬ್ರಿಟನ್ನಿನ ಜೊನಾಥನ್ ಸೈಮ್ 1980ರ ದಶಕದಲ್ಲಿ ತೋರಿಸಿಕೊಟ್ಟ ಸಂಗತಿ ಇನ್ನೊಂದು ಬಗೆಯದು: ಅಪಾಯದಲ್ಲಿರುವವರು ಹತ್ತಿರದ ಬಾಗಿಲಿಗಲ್ಲ, ಪರಿಚಿತ ಬಾಗಿಲಿಗೆ ಮತ್ತು ಪರಿಚಿತ ಜನರತ್ತ ಸಾಗುತ್ತಾರೆ. ದಿನಾಲೂ ಲಿಫ್ಟಿನಲ್ಲೇ ಓಡಾಡುವ ಹನ್ನೆರಡನೆಯ ಮಹಡಿಯವರಿಗೆ ಎರಡನೆಯ ಮೆಟ್ಟಿಲು ನಕ್ಷೆಯಲ್ಲಿರುವ ಗೆರೆ ಮಾತ್ರ. ಹಸಿರು ಫಲಕ ಎಷ್ಟು ಬೆಳಗಿದರೂ ಅವರ ಕಾಲು ಲಿಫ್ಟಿನ ಕಡೆಗೇ ತಿರುಗುತ್ತದೆ.

ಹೊರಡುವ ಮುನ್ನಿನ ವಿಳಂಬ ಎಂಬ ಪರಿಕಲ್ಪನೆಯೂ ಇಲ್ಲಿಗೆ ಸಂಬಂಧಿಸಿದ್ದು. ಗಂಟೆ ಬಾರಿಸಿದ ಕ್ಷಣಕ್ಕೂ ಮನೆಯ ಹೊಸ್ತಿಲು ದಾಟಿದ ಕ್ಷಣಕ್ಕೂ ನಡುವಿನ ಈ ಅವಧಿಯಲ್ಲಿ ಜನ ಒಲೆ ಆರಿಸುತ್ತಾರೆ, ಮಕ್ಕಳಿಗೆ ಬಟ್ಟೆ ತೊಡಿಸುತ್ತಾರೆ, ಪರ್ಸು ಹುಡುಕುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದ ಮನೆಯವರು ಹೊರಟರೇ ಎಂದು ಇಣುಕುತ್ತಾರೆ. ಕೆನಡಾದ ಗಿಲೆನ್ ಪ್ರೂ 1990ರ ದಶಕದಲ್ಲಿ ಅಪಾರ್ಟ್‌ಮೆಂಟುಗಳಲ್ಲಿ ನಡೆಸಿದ ಡ್ರಿಲ್ ಅಧ್ಯಯನಗಳಲ್ಲಿ ಅಲಾರಂ ಮನೆಯೊಳಗೆ ಚೆನ್ನಾಗಿ ಕೇಳಿಸಿದ ಕಟ್ಟಡದವರು ಸರಾಸರಿ ಎರಡೂವರೆ ಮೂರು ನಿಮಿಷಗಳಲ್ಲಿ ಹೊರಟರೆ, ಮಂದವಾಗಿ ಕೇಳಿಸಿದಲ್ಲಿ ಎಂಟು ನಿಮಿಷಕ್ಕೂ ಮೀರಿ ಹಿಡಿಯಿತು. ಮೆಟ್ಟಿಲಿಳಿಯುವ ವೇಗದಲ್ಲಿ ಉಳಿಸಬಹುದಾದ ಸೆಕೆಂಡುಗಳು ಈ ಅಂತರದ ಮುಂದೆ ಏನೂ ಅಲ್ಲ. ಪ್ರೂ ಮತ್ತು ಸೈಮ್ ಒಟ್ಟಿಗೆ ಇಂಗ್ಲೆಂಡಿನ ಒಂದು ಮೆಟ್ರೊ ನಿಲ್ದಾಣದಲ್ಲಿ ಮಾಡಿದ ಪರೀಕ್ಷೆಯಲ್ಲಿ ಬರಿಯ ಗಂಟೆಗೆ ಜನ ಕದಲಲಿಲ್ಲ. ಎಲ್ಲಿ ಏನಾಗಿದೆ, ಯಾವ ಕಡೆ ಹೋಗಬೇಕು ಎಂದು ಧ್ವನಿವರ್ಧಕದಲ್ಲಿ ನೇರವಾಗಿ ಹೇಳಿದಾಗ ಹೊರಟರು. ಹಾಗಿರುವಾಗ ಒಟ್ಟು ಸಮಯವೊಂದನ್ನೇ ಬರೆದಿಟ್ಟ ಡ್ರಿಲ್ ಹೆಚ್ಚೇನನ್ನೂ ಕಲಿಸದು. ಗಂಟೆ ಹೊಡೆದದ್ದು, ಪ್ರತಿ ಮಹಡಿಯಲ್ಲಿ ಮೊದಲ ಬಾಗಿಲು ತೆರೆದದ್ದು, ಕೊನೆಯವರು ಮೆಟ್ಟಿಲಿಗೆ ಬಂದದ್ದು, ಕೊನೆಯವರು ಅಂಗಳ ಮುಟ್ಟಿದ್ದು, ಇವನ್ನು ಬೇರೆಬೇರೆಯಾಗಿ ಗುರುತಿಸಿದರಷ್ಟೇ ತಡವಾದದ್ದೆಲ್ಲಿ ಎಂಬುದು ತಿಳಿಯುತ್ತದೆ.

ನಗರದ ಸಾಮಾನ್ಯ ಅಪಾರ್ಟ್‌ಮೆಂಟಿನಲ್ಲಿ ತಡವಾಗುವ ಜಾಗಗಳನ್ನು ಹತ್ತಿರದಿಂದ ನೋಡಬಹುದು. ಅಲಾರಂ ಪ್ಯಾನೆಲ್, ಅಂದರೆ ಹೊಗೆ ಪತ್ತೆ ಮಾಡುವ ಸಾಧನಗಳಿಂದ ಸಂಕೇತ ಬಂದು ಸೇರುವ ಪೆಟ್ಟಿಗೆ, ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿರುತ್ತದೆ. ಧೂಳಿಗೋ ಒಗ್ಗರಣೆಯ ಹೊಗೆಗೋ ನಾಲ್ಕು ಸಲ ಸುಮ್ಮಸುಮ್ಮನೆ ಕೂಗಿದ ಮೇಲೆ ಯಾರೋ ಅದರ ಬಾಯಿ ಮುಚ್ಚಿಸಿರುತ್ತಾರೆ, ಅದನ್ನು ಮತ್ತೆ ಚಾಲೂ ಮಾಡಬೇಕೆಂಬುದು ಪಾಳಿ ಬದಲಾದ ಗಾರ್ಡಿಗೆ ಗೊತ್ತಿರುವುದಿಲ್ಲ. ಹೊಗೆಯನ್ನು ತಡೆಯಲೆಂದೇ ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿರುವ ಮೆಟ್ಟಿಲಿನ ಬಾಗಿಲು, ಗಾಳಿಯಾಡಲೆಂದು ಕೆಳಗೆ ಸಿಕ್ಕಿಸಿದ ಇಟ್ಟಿಗೆಯ ಚೂರಿನಿಂದಲೋ ಹಿಡಿಗೆ ಕಟ್ಟಿದ ಪ್ಲಾಸ್ಟಿಕ್ ಹಗ್ಗದಿಂದಲೋ ವರ್ಷವಿಡೀ ತೆರೆದೇ ಇರುತ್ತದೆ. ತಿರುವಿನ ಜಾಗದಲ್ಲಿ ಚಪ್ಪಲಿ ಸ್ಟ್ಯಾಂಡು, ಮಕ್ಕಳು ಓಡಿಸಿ ಬಿಟ್ಟ ಸೈಕಲ್ಲು, ಬಣ್ಣದ ಡಬ್ಬಗಳು, ತುಳಸಿ ಕುಂಡ. ತಾರಸಿಯ ಬೀಗದ ಕೈ ನೀರಿನ ಟ್ಯಾಂಕ್ ನೋಡಿಕೊಳ್ಳುವವರ ಜೇಬಿನಲ್ಲಿ. ಧ್ವನಿವರ್ಧಕವಿದ್ದರೂ ಪ್ರಕಟಣೆ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಬೇರೆ. ಗಾರ್ಡು ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದವನು, ಮನೆಗೆಲಸದವರು ಕನ್ನಡವನ್ನೋ ತೆಲುಗನ್ನೋ ಆಡುವವರು, ಮೇಲಿನ ಮಹಡಿಯ ಅಜ್ಜಿಗೆ ತಮಿಳು ಬಿಟ್ಟು ಬೇರೇನೂ ಬಾರದು. ಮೊದಲೇ ಮುದ್ರಿಸಿಟ್ಟ ಎರಡು ಮೂರು ಭಾಷೆಗಳ ಚಿಕ್ಕ ಪ್ರಕಟಣೆ ಇದಕ್ಕೆ ಅಗ್ಗದ ಪರಿಹಾರವಾದರೂ ಅದನ್ನು ಮಾಡಿಟ್ಟುಕೊಂಡ ಕಟ್ಟಡಗಳು ವಿರಳ. ಇವುಗಳಲ್ಲಿ ಯಾವ ದೋಷವೂ ಬೆಂಕಿ ಬೀಳುವವರೆಗೆ ಯಾರನ್ನೂ ಬಾಧಿಸದ ಕಾರಣ, ಡ್ರಿಲ್ಲಿನಲ್ಲಿ ಕಾಣದಿದ್ದರೆ ಇನ್ನೆಲ್ಲಿಯೂ ಕಾಣುವುದಿಲ್ಲ.

ಮುಂಚಿತವಾಗಿ ತಿಳಿಸಿ ನಡೆಸಬೇಕೇ, ತಿಳಿಸದೆ ನಡೆಸಬೇಕೇ ಎಂಬುದು ಈ ಕ್ಷೇತ್ರದ ಹಳೆಯ ವಾದ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಾರಿದರೆ ಉತ್ಸಾಹಿಗಳು ಬೂಟು ಕಟ್ಟಿ ಕಾಯುತ್ತಾರೆ, ಉಳಿದವರು ಆ ಹೊತ್ತಿಗೆ ಮಾರುಕಟ್ಟೆಗೆ ಹೋಗಿರುತ್ತಾರೆ, ಅಳೆದ ಸಮಯಕ್ಕೆ ಅರ್ಥವಿರುವುದಿಲ್ಲ. ಹೇಳದೆ ಕೇಳದೆ ನಡೆಸಿದರೆ ಹೃದ್ರೋಗಿಗಳು, ಗರ್ಭಿಣಿಯರು, ಮಂಡಿನೋವಿನವರು ನಿಜವಾದ ಅಪಾಯಕ್ಕೆ ಸಿಲುಕುತ್ತಾರೆ, ಆಮೇಲಿನ ಜಗಳದಲ್ಲಿ ಮುಂದಿನ ಡ್ರಿಲ್ಲೇ ರದ್ದಾಗುತ್ತದೆ. ಎರಡರ ನಡುವೆ ಒಂದು ದಾರಿಯಿದೆ: ಮೊದಲ ಡ್ರಿಲ್ಲಿಗೆ ದಿನ, ಹೊತ್ತು ಎರಡನ್ನೂ ತಿಳಿಸುವುದು, ಮುಂದಿನದಕ್ಕೆ ವಾರವನ್ನಷ್ಟೇ ತಿಳಿಸುವುದು, ನೆರವು ಬೇಕಾದವರಿಗೆ ಮತ್ತು ಹತ್ತಿರದ ಅಗ್ನಿಶಾಮಕ ಠಾಣೆಗೆ ಮಾತ್ರ ಪ್ರತಿ ಬಾರಿಯೂ ಮೊದಲೇ ಹೇಳಿಡುವುದು. ಇದಕ್ಕೆ ಸೇರಿಸಬಹುದಾದ ಇನ್ನೊಂದು ಉಪಾಯ ಒಂದು ರಟ್ಟಿನ ಫಲಕದಷ್ಟು ಖರ್ಚಿನದು. ಮುಖ್ಯ ಮೆಟ್ಟಿಲಿನ ನಡು ಮಹಡಿಯೊಂದರಲ್ಲಿ 'ಇಲ್ಲಿಂದ ಮುಂದೆ ಹೊಗೆ, ದಾರಿಯಿಲ್ಲ' ಎಂದು ಬರೆದ ಫಲಕ ಹಿಡಿದು ಒಬ್ಬರು ನಿಂತರೆ, ಇಳಿದು ಬಂದವರು ಹಿಂದಕ್ಕೆ ತಿರುಗಿ ಎರಡನೆಯ ಮೆಟ್ಟಿಲನ್ನು ಹುಡುಕಬೇಕಾಗುತ್ತದೆ. ಆ ಮೆಟ್ಟಿಲು ಎಲ್ಲಿದೆಯೆಂದು ಎಷ್ಟು ಮಂದಿಗೆ ಗೊತ್ತಿಲ್ಲ ಎಂಬುದು ಆಗ ಲೆಕ್ಕಕ್ಕೆ ಸಿಗುತ್ತದೆ.

ಎಲ್ಲರೂ ಒಮ್ಮೆಲೇ ಇಳಿಯಬೇಕೇ ಎಂಬುದರಲ್ಲಿಯೂ ಒಮ್ಮತವಿಲ್ಲ. ಎತ್ತರದ ಕಟ್ಟಡದಲ್ಲಿ ಬೆಂಕಿ ಬಿದ್ದ ಮಹಡಿಯನ್ನೂ ಅದರ ಮೇಲಿನದನ್ನೂ ಮೊದಲು ಖಾಲಿ ಮಾಡಿಸಿ, ಉಳಿದವರನ್ನು ಆಮೇಲೆ ಹೊರಡಿಸುವ ಹಂತಹಂತದ ತೆರವು ಒಂದು ಕ್ರಮ. ಬ್ರಿಟನ್ನಿನ ವಸತಿ ಗೋಪುರಗಳಲ್ಲಿ ಅದಕ್ಕಿಂತ ಮುಂದೆ ಹೋಗಿ, ಪ್ರತಿ ಮನೆಯ ಗೋಡೆ ಬಾಗಿಲುಗಳು ಬೆಂಕಿಯನ್ನು ಸಾಕಷ್ಟು ಹೊತ್ತು ತಡೆಯುತ್ತವೆಂಬ ಭರವಸೆಯ ಮೇಲೆ ಇದ್ದಲ್ಲೇ ಇರಿ ಎಂದು ಹೇಳುವ ನೀತಿ ಬೇರೂರಿತ್ತು, ಅಂಥ ಗೋಪುರಗಳಲ್ಲಿ ಸಾಮಾನ್ಯವಾಗಿ ಡ್ರಿಲ್ಲೇ ನಡೆಯುತ್ತಿರಲಿಲ್ಲ. ಲಂಡನ್ನಿನ ಗ್ರೆನ್‌ಫೆಲ್ ಟವರ್ 2017ರ ಜೂನ್ 14ರ ನಸುಕಿನಲ್ಲಿ ಹೊರಗೋಡೆಯ ಹೊದಿಕೆಯ ಮೂಲಕ ಹೊತ್ತಿಕೊಂಡಾಗ ಆ ಭರವಸೆ ಅರ್ಧ ಗಂಟೆಯಲ್ಲೇ ಕುಸಿದಿತ್ತು, ಆದರೂ ಆ ಸೂಚನೆಯನ್ನು ಹಿಂತೆಗೆದುಕೊಂಡದ್ದು ಬೆಂಕಿ ಆರಂಭವಾಗಿ ಸುಮಾರು ಎರಡು ಗಂಟೆಗಳ ಬಳಿಕ. 72 ಮಂದಿ ಸತ್ತರು. ಹೊದಿಕೆಯ ಮಾತು ಬದಿಗಿಟ್ಟರೂ, ಮಹಡಿಮಹಡಿಗೆ ಡಕ್ಟಿನ ಸಂದುಗಳನ್ನು ಸರಿಯಾಗಿ ಮುಚ್ಚದ, ಮೆಟ್ಟಿಲಿನ ಬಾಗಿಲನ್ನು ಕಟ್ಟಿ ಹಾಕಿದ ಭಾರತೀಯ ಕಟ್ಟಡಗಳಿಗೆ ಇದ್ದಲ್ಲೇ ಇರುವ ನೀತಿ ಹೊಂದುವುದು ಕಷ್ಟ. ಅದರ ಮೇಲೆ ಕಳ್ಳರ ಭಯಕ್ಕೂ ಪಾರಿವಾಳದ ಕಾಟಕ್ಕೂ ಬಾಲ್ಕನಿಯ ತುಂಬ ಕಂಬಿ ಹಾಕಿಸುವ ರೂಢಿಯಿದೆ. ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ 2021ರ ಸೆಪ್ಟೆಂಬರಿನಲ್ಲಿ ಇಬ್ಬರು ಮಹಿಳೆಯರು ಸತ್ತಾಗ, ಕಂಬಿಯ ಹಿಂದೆ ಸಿಕ್ಕಿಬಿದ್ದವರನ್ನು ಕೆಳಗಿನವರು ಅಸಹಾಯಕರಾಗಿ ನೋಡುತ್ತ ನಿಲ್ಲಬೇಕಾಯಿತು. ಒಳಗಿನಿಂದ ತೆರೆಯಬಲ್ಲ ಕಿಂಡಿಯಿಲ್ಲದ ಕಂಬಿಯನ್ನು ಅಸೋಸಿಯೇಷನ್ನುಗಳು ನಿಷೇಧಿಸಬೇಕೆಂಬ ಬೇಡಿಕೆ ನ್ಯಾಯವಾದದ್ದೇ.

ಇಡೀ ಕಟ್ಟಡ ಇಳಿಯುವ ಡ್ರಿಲ್ಲಿಗೆ ಅಡ್ಡಬರುವ ನಿಜವಾದ ಆಕ್ಷೇಪ ಒಂದೇ, ಇಳಿಯಲಾಗದವರದು. ಕೆಲಸದ ದಿನ ಮಧ್ಯಾಹ್ನ ಅಪಾರ್ಟ್‌ಮೆಂಟಿನಲ್ಲಿ ಉಳಿದಿರುವವರು ಬಹುತೇಕ ವೃದ್ಧರು, ಶಿಶುಗಳು, ಅವರನ್ನು ನೋಡಿಕೊಳ್ಳುವ ಆಯಾಗಳು, ಮನೆಗೆಲಸದವರು; ಕಾಗದದ ಮೇಲೆ ವಾರ್ಡನ್ ಆಗಿರುವ ಪದಾಧಿಕಾರಿಗಳು ಆ ಹೊತ್ತಿಗೆ ಊರಿನ ಇನ್ನೊಂದು ತುದಿಯ ಕಚೇರಿಯಲ್ಲಿರುತ್ತಾರೆ. ಹಾಗಾಗಿ ಮಹಡಿಯ ಹೊಣೆಯನ್ನು ಹಗಲಿಗೊಬ್ಬರಿಗೆ, ರಾತ್ರಿಗೊಬ್ಬರಿಗೆ ವಹಿಸುವುದು, ಹಗಲಿನ ಪಟ್ಟಿಯಲ್ಲಿ ಮನೆಯಲ್ಲೇ ಇರುವ ಗೃಹಿಣಿಯರನ್ನೂ ನಿವೃತ್ತರನ್ನೂ, ಅವರು ಒಪ್ಪಿದರೆ ಮನೆಗೆಲಸದವರನ್ನೂ ಸೇರಿಸುವುದು ಮೇಲು. ವಾರ್ಡನ್ನಿನ ಕೆಲಸ ವೀರಾವೇಶದ್ದಲ್ಲ: ಬಾಗಿಲು ಬಡಿಯುವುದು, ಮುಚ್ಚಿದ ಬಾಗಿಲನ್ನು ತೆರೆಯಿಸುವ ಮೊದಲು ಅಂಗೈ ಹಿಂಭಾಗದಿಂದ ಮುಟ್ಟಿ ಬಿಸಿಯಿದೆಯೇ ನೋಡುವುದು, ಖಾಲಿಯಾದ ಮನೆಗೆ ಸೀಮೆಸುಣ್ಣದ ಗುರುತು ಹಾಕುವುದು, ಕೊನೆಗೆ ಕೆಳಗೆ ಬಂದು ಯಾರು ಉಳಿದರೆಂದು ವರದಿ ಒಪ್ಪಿಸುವುದು. ನಡೆಯಲಾಗದವರ ಪಟ್ಟಿ ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿರಬೇಕು. ಅವರನ್ನು ಕೂರಿಸಿ ಮೆಟ್ಟಿಲ ಮೇಲೆ ಜಾರಿಸಿ ಇಳಿಸುವ ವಿಶೇಷ ಕುರ್ಚಿಗಳು ಸಿಗುತ್ತವೆ, ಅದಿಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊರುವ ಅಭ್ಯಾಸವನ್ನಾದರೂ, ಕಾಯಿಲೆಯವರ ಬದಲು ಒಬ್ಬ ಗಟ್ಟಿಮುಟ್ಟಾದ ಸ್ವಯಂಸೇವಕನನ್ನು ಕೂರಿಸಿ, ಮಾಡಿ ನೋಡಬಹುದು. ಹಾಗೆ ನೋಡಿದಾಗಲೇ ತಿರುವಿನಲ್ಲಿ ಕುರ್ಚಿ ತಿರುಗುವುದಿಲ್ಲ ಎಂಬುದು ತಿಳಿಯುತ್ತದೆ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಹಡಗು ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿ ವರ್ಷ ಆ ದಿನದಿಂದ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ, ಅನೇಕ ಕಟ್ಟಡಗಳಲ್ಲಿ ಡ್ರಿಲ್ಲಿನ ಹೆಸರಿನಲ್ಲಿ ನಡೆಯುವುದು ಆ ವಾರದ ಪ್ರಾತ್ಯಕ್ಷಿಕೆಯೊಂದೇ. ಪಾರ್ಕಿಂಗ್ ಜಾಗದಲ್ಲಿ ತಗಡಿನ ತಟ್ಟೆಯಲ್ಲಿ ಡೀಸೆಲ್ ಉರಿಸಿ, ಸಿಲಿಂಡರಿನ ಪಿನ್ ಎಳೆದು, ಜ್ವಾಲೆಗಲ್ಲದೆ ಬೆಂಕಿಯ ಬುಡಕ್ಕೆ ಗುರಿಯಿಟ್ಟು ಪುಡಿ ಸಿಂಪಡಿಸಿ ತೋರಿಸುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಉಪಯುಕ್ತವಾದದ್ದೇ, ಆದರೆ ಅದರಿಂದ ಮೆಟ್ಟಿಲಿನ ಬಾಗಿಲಿಗೆ ಸಿಕ್ಕಿಸಿದ ಇಟ್ಟಿಗೆ ಕದಲುವುದಿಲ್ಲ.

ಉಳಿಯುವುದು ದಾಖಲೆಯ ಪುಸ್ತಕ. ಸಂಹಿತೆ ಮೂರು ವರ್ಷ ಕಾಯ್ದಿಡಬೇಕೆನ್ನುವ ಈ ಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ದಿನಾಂಕ, ಒಂದು ಗುಂಪುಚಿತ್ರ ಮತ್ತು 'ಯಶಸ್ವಿಯಾಗಿ ನೆರವೇರಿತು' ಎಂಬ ಷರಾ. ಅದರ ಬದಲು ಬಿ ಬ್ಲಾಕಿನ ಏಳನೆಯ ಮಹಡಿಯಲ್ಲಿ ಗಂಟೆ ಕೇಳಿಸಲಿಲ್ಲ, ತಾರಸಿಯ ಬೀಗದ ಕೈ ಸಿಗಲು ಹನ್ನೊಂದು ನಿಮಿಷ ಹಿಡಿಯಿತು, ಲಿಫ್ಟನ್ನು ನೆಲಮಹಡಿಗೆ ಇಳಿಸಿ ನಿಲ್ಲಿಸುವುದು ಗಾರ್ಡಿಗೆ ತಿಳಿದಿರಲಿಲ್ಲ ಎಂಬಂಥ ನಾಲ್ಕಾರು ಸಾಲು, ಪ್ರತಿಯೊಂದರ ಎದುರು ಸರಿಪಡಿಸಬೇಕಾದವರ ಹೆಸರು ಮತ್ತು ಗಡುವು ಇದ್ದರೆ ಅದೇ ಅಸೋಸಿಯೇಷನ್ನಿನ ಮುಂದಿನ ಸಭೆಯ ಕಾರ್ಯಸೂಚಿಯಾಗುತ್ತದೆ, ಮೆಟ್ಟಿಲು ಯಾರದೆಂಬ ಪ್ರಶ್ನೆಗೆ ಮೊದಲ ಬಾರಿಗೆ ಒಂದು ಹೆಸರು ಸಿಗುತ್ತದೆ. ಇಂಥ ದೋಷಪಟ್ಟಿಯನ್ನು ಬರೆದಿಡಲು ಪದಾಧಿಕಾರಿಗಳು ಹಿಂಜರಿಯುವುದಕ್ಕೂ ಕಾರಣವಿದೆ: ನಾಳೆ ಅವಘಡವಾದರೆ ಆ ಬರಹವೇ ತಮ್ಮ ವಿರುದ್ಧ ಸಾಕ್ಷಿಯಾದೀತೆಂಬ ಅಂಜಿಕೆ. ಅಗ್ನಿಶಾಮಕ ಇಲಾಖೆ ತನ್ನ ತಪಾಸಣೆಯ ಹೊತ್ತಿನಲ್ಲಿ ಡ್ರಿಲ್ ನಡೆದದ್ದಕ್ಕೆ ಪ್ರಮಾಣಪತ್ರ ಕೇಳುವುದರ ಬದಲು ಹಿಂದಿನ ಡ್ರಿಲ್ಲಿನಲ್ಲಿ ಕಂಡ ದೋಷಗಳ ಪಟ್ಟಿಯನ್ನೂ ಅವುಗಳಲ್ಲಿ ಸರಿಯಾದವೆಷ್ಟು ಎಂಬುದನ್ನೂ ಕೇಳಿ, ಖಾಲಿ ಪಟ್ಟಿ ಕೊಟ್ಟವರನ್ನು ಹೆಚ್ಚು ಸಂಶಯದಿಂದ ನೋಡುವ ಪದ್ಧತಿ ಬಂದರೆ ಆ ಅಂಜಿಕೆಯ ದಿಕ್ಕು ಬದಲಾಗಲು ಅವಕಾಶವಿದೆ.